ಖಾನಾವಳಿಗೆ ಬಂದ ಕಮೆಂಟುಗಳು

ಮೊದಲು ಹೊಡೆದವನು ಆ ಖಾನಾವಳಿಯ ಗಿರಾಕಿಯಲ್ಲ. ಅಲ್ಲಿ ಅವನು ಒಂದು ಹೊತ್ತೂ ಉಂಡಿರಲಿಲ್ಲ. ಮಾಲೀಕನ ಮುಖ ನೋಡಿರಲಿಲ್ಲ. ಖಾನಾವಳಿಯ ಮೇಲೆ ದೂರು ಬರೆದವನ ಪರಿಚಯವೂ ಅವನಿಗಿರಲಿಲ್ಲ. ಮೂವರೂ ಒಂದೇ ಗ್ರೂಪಿನಲ್ಲಿದ್ದರು, ಅಷ್ಟೆ. ಪುಣೆಯ ಕನ್ನಡಿಗರು ಫೋನಿನಲ್ಲಿ ಕಟ್ಟಿಕೊಂಡಿದ್ದ ಆ ಗ್ರೂಪಿನಲ್ಲಿ ನಾನೂ ಇದ್ದೆ.

ಪತ್ರಿಕೆಯೊಂದರ ಸುದ್ದಿಮನೆಯಲ್ಲಿ, ಅದರಲ್ಲೂ ಅಪರಾಧ ಸುದ್ದಿಯ ಮೇಜಿನಲ್ಲಿ, ಬಹಳ ಕಾಲ ಕೂತವನು ನಾನು. ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಬೇರೆ ಇಡುವುದು ಅಲ್ಲಿಂದ ಬಂದ ಅಭ್ಯಾಸ. ಇಲ್ಲೂ ಹಾಗೇ ಇಡುತ್ತೇನೆ.

ಗ್ರೂಪನ್ನು ಶುರು ಮಾಡಿದವರು ವಿಜಯಪುರ ಕಡೆಯ ಒಬ್ಬ ಬ್ಯಾಂಕ್ ನೌಕರರು. ಅಡ್ಮಿನ್ ಅವರೇ. ಬಾಡಿಗೆ ಮನೆ, ಊರಿಗೆ ಹೋಗುವ ಬಸ್ಸು, ಒಳ್ಳೆಯ ಜೋಳ ಎಲ್ಲಿ ಸಿಗುತ್ತದೆ ಎಂಬಂಥ ವಿಷಯಕ್ಕೆ ಶುರುವಾದದ್ದು. ಬರೆಯುವವರ ಭಾಷೆ ನೋಡಿದರೇ ಅವರು ನಗರದ ಯಾವ ತುದಿಯಲ್ಲಿದ್ದಾರೆಂದು ಹೇಳಬಹುದಿತ್ತು. 'ಬರ್ರಿ, ಹೋಗ್ರಿ' ಎನ್ನುವವರು ಪಿಂಪ್ರಿ-ಚಿಂಚವಾಡದ ಕಾರ್ಖಾನೆ, ಅಂಗಡಿ, ಕಟ್ಟಡ ಕೆಲಸದವರು. 'ಗೈಸ್, ಯಾರಿಗಾದ್ರೂ ಐಡಿಯಾ ಇದ್ಯಾ' ಎನ್ನುವವರು ಹಿಂಜವಾಡಿಯ ಹೊಸ ಫ್ಲ್ಯಾಟುಗಳವರು. ಒಬ್ಬರನ್ನೊಬ್ಬರು ಗೇಲಿ ಮಾಡುತ್ತಿದ್ದರು, ಒಬ್ಬರಿಗೊಬ್ಬರು ಆಗುತ್ತಲೂ ಇದ್ದರು.

ಅಲ್ಲಿ ಒಂದು ರೂಢಿ ಬೆಳೆದಿತ್ತು. ಯಾರಾದರೂ ರಕ್ತ ಬೇಕು ಎಂದರೆ, ರಸ್ತೆಯಲ್ಲಿ ಗಾಡಿ ಕೆಟ್ಟಿದೆ ಎಂದರೆ, ಯಾರು ಏನು ಎಂದು ಕೇಳುವ ಮೊದಲೇ ಒಂದು ಉತ್ತರ ಬರುತ್ತಿತ್ತು: 'ಲೊಕೇಶನ್ ಹಾಕ್ರಿ.' ಹಾಕಿದರೆ ಜನ ನಿಜವಾಗಿಯೂ ಬರುತ್ತಿದ್ದರು. ಪಿಂಪ್ರಿ ಸ್ಟೇಷನ್ ಹಿಂದಿನ ಗಲ್ಲಿಯ ಖಾನಾವಳಿಯವನು ಗಿರಾಕಿಗಳನ್ನು ಕಂಡುಕೊಂಡದ್ದು ಈ ರೂಢಿಯಿಂದಲೇ. ಪ್ರತಿ ಭಾನುವಾರ ಮುಂಜಾನೆ 'ಇವತ್ತ ಪುಂಡಿಪಲ್ಯ, ಎಣ್ಣಗಾಯಿ ಅದ, ಬರ್ರಿ' ಎಂದು ಬರೆದು ಕೆಳಗೆ ಲೊಕೇಶನ್ ಹಾಕುತ್ತಿದ್ದ. ಅದನ್ನು ಹಿಡಿದುಕೊಂಡು ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ಕೈಯಲ್ಲಿ ಫೋನ್ ಹಿಡಿದು ಗಲ್ಲಿಯ ಬಾಯಲ್ಲಿ ಅತ್ತಿತ್ತ ನೋಡುವವರನ್ನು ಕಂಡರೆ ಅವನು ಒಳಗಿನಿಂದಲೇ ಕೂಗುತ್ತಿದ್ದ: 'ಇಲ್ಲೇ ಇಲ್ಲೇ, ಬರ್ರಿ, ಕೈ ತೊಳ್ಕೋರಿ.'

ತಗಡಿನ ಮಾಡು, ನಾಲ್ಕು ಮೇಜು. ಬಾಗಿಲ ಪಕ್ಕದಲ್ಲೇ ಭಟ್ಟಿ, ಅದರ ಮೇಲೆ ದೊಡ್ಡ ಕಬ್ಬಿಣದ ಹಂಚು. ಅವನ ಹೆಂಡತಿ ಅಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಅವನು ಬಡಿಸುತ್ತಿದ್ದ, ಬಡಿಸುತ್ತ ಬೈಯುತ್ತಿದ್ದ. ಕಡಿಮೆ ಉಂಡರೆ ಬೈಗುಳ, ಬಿಟ್ಟು ಎದ್ದರೆ ಇನ್ನೂ ಹೆಚ್ಚು. 'ನಿಮ್ಮ ಪೇಪರಿನ್ಯಾಗ ಎಲ್ಲಾರ ತಪ್ಪು ಹುಡುಕ್ತೀರಿ, ತಾಟಿನ್ಯಾಗಿನ ತಪ್ಪು ಕಾಣಂಗಿಲ್ಲೇನ್ರಿ ಸರ?' ಎಂದು ನನಗೂ ಅಂದಿದ್ದ. ಅಂದ ಬಾಯಲ್ಲೇ ಮೊಸರು ತಂದು ಸುರಿದಿದ್ದ. ನಾವೆಲ್ಲ ಅದಕ್ಕೆ ಒಗ್ಗಿಹೋದವರು.

ಹಿಂಜವಾಡಿಯಿಂದ ಒಂದು ಶನಿವಾರ ಬಂದಿದ್ದ ಹುಡುಗನಿಗೆ ಈ ಬೈಗುಳದ ಒಗ್ಗರಣೆ ಗೊತ್ತಿರಲಿಲ್ಲ. ಎರಡು ರೊಟ್ಟಿ ಮುರಿದು, ಕೆದಕಿ, ಬಿಟ್ಟು ಎದ್ದ. ಮಾಲೀಕ ಎಲ್ಲರ ಎದುರು ಕೇಳಿದ: 'ಬಿಡಾವ ಇದ್ದರ ಯಾಕ ಹಾಕಿಸಿಕೊಂಡ್ಯೋ ತಮ್ಮಾ? ಬಡಿಯಾಕಿ ಕೈ-ರಟ್ಟಿ ಏನ್ ಸರಕಾರದ್ದೇನು?' ಉಳಿದವರು ನಕ್ಕರು. ಹುಡುಗ ನಗಲಿಲ್ಲ. ಹೊರಗೆ ನಿಂತು ಖಾನಾವಳಿಯ ಒಂದು ಫೋಟೋ ತೆಗೆದುಕೊಂಡು ಹೋದ. ಈ ಭಾಗ ಅಂದು ಅಲ್ಲಿ ಉಂಡವರಿಂದ ಕೇಳಿದ್ದು. ಮುಂದಿನದನ್ನು ನಾನೇ ಓದಿದೆ.

'ಗೈಸ್, ಈ ಮೆಸ್ಸಿಗೆ ದಯವಿಟ್ಟು ಹೋಗ್ಬೇಡಿ. ಅಷ್ಟು ಟ್ರಾಫಿಕ್‌ನಲ್ಲಿ ಒದ್ದಾಡ್ಕೊಂಡು ಹೋದ್ರೆ, ರೊಟ್ಟಿ ಬಿಟ್ಟಿದ್ದಕ್ಕೆ ಓನರ್ ಎಲ್ಲರ ಮುಂದೆ ಬೈದ್ರು. ಟೋಟಲಿ ಅನ್‌ಪ್ರೊಫೆಷನಲ್.' ಕೆಳಗೆ ಆ ಫೋಟೋ.

ಮಾಲೀಕ ಬಡಿಸುವ ಬಿಡುವಿನಲ್ಲಿ ಹೆಬ್ಬೆರಳಿನಿಂದ ಉತ್ತರ ಬರೆದ: 'ತಮ್ಮಾ ರೊಟ್ಟಿ ಬಿಟ್ಟಿ, ಬೈದೆ. ನಾಳೆ ಬಾ, ಮತ್ತ ಬೈತೀನಿ.'

ಖಾನಾವಳಿಯಲ್ಲಿ ಬೈಗುಳದ ಹಿಂದೆಯೇ ಮೊಸರು ಬರುತ್ತಿತ್ತು. ಫೋನಿನಲ್ಲಿ ಬೈಗುಳ ಮಾತ್ರ ಬಂತು. ರಾತ್ರಿ ಕಳೆದು ಭಾನುವಾರ ಬೆಳಗಾಗುವಷ್ಟರಲ್ಲಿ ಗ್ರೂಪಿನಲ್ಲಿ ಬೇರೆ ಮಾತೇ ಇರಲಿಲ್ಲ.

'ಕಸ್ಟಮರ್ ಹತ್ರ ಮಾತಾಡೋ ರೀತಿನಾ ಇದು? ಆ ಕಡೆಯವ್ರು ಹೀಗೇನೇ, ಮ್ಯಾನರ್ಸ್ ಇಲ್ಲ.'

'ನಿಮ್ಮ ಮ್ಯಾನರ್ಸ್ ನಿಮ್ಮ ಆಫೀಸಿನ ಕ್ಯಾಂಟೀನಿನ್ಯಾಗ ಇಟ್ಕೋರಿ. ರೊಟ್ಟಿ ತಿನ್ನಾಕ ಹಲ್ಲು ಬೇಕು.'

'ಅದೇ ಹಲ್ಲು ಉದುರಿಸಿದ್ರೆ?'

'ಬಾ ಮಗನ, ಉದುರಿಸು. ಮೊದಲ ನಿನ್ನ ಎಸಿ ಕ್ಯಾಬಿನ್ಯಾಗಿಂದ ಕೆಳಗ ಇಳಿ.'

ಹಲ್ಲಿನ ಮಾತು ಬಂದ ಮೇಲೆ ರೊಟ್ಟಿಯನ್ನು ಎಲ್ಲರೂ ಮರೆತರು. ಒಬ್ಬ ಕೈ ಮುರಿಯುತ್ತೇನೆಂದ. ಇನ್ನೊಬ್ಬ ಮಂಡಿ ಒಡೆಯುತ್ತೇನೆಂದ. ಒಬ್ಬ ರಾಡ್ ಎಂದ, ಅವನ ಕೆಳಗಿನವ ಪೆಟ್ರೋಲ್ ಎಂದ. ಪ್ರತಿಯೊಂದಕ್ಕೂ ನಗುವ ಮುಖಗಳು ಸಾಲುಗಟ್ಟಿ ಬಂದು ಕೂತವು. ಬರೆಯುತ್ತಿದ್ದವರಲ್ಲಿ ಕೆಲವರನ್ನು ನಾನು ಬಲ್ಲೆ. ಪೆಟ್ರೋಲ್ ಎಂದವನು ಕೆಲವೇ ದಿನಗಳ ಹಿಂದೆ ಗುರುತಿಲ್ಲದ ಕೂಸಿಗೆ ರಕ್ತ ಕೊಡಲು ಡ್ಯೂಟಿ ಬಿಟ್ಟು ಓಡಿದ್ದ. ಅವನಿಗೆ ಎದುರಿನವನ ಮೇಲೆ ಸಿಟ್ಟಿತ್ತು ಎಂದು ನನಗೆ ಅನಿಸಲಿಲ್ಲ. ಮೇಲಿನವನ ಮಾತಿಗಿಂತ ತನ್ನದು ಒಂದು ಕೈ ಹೆಚ್ಚಿರಬೇಕು ಎಂಬ ಹುರುಪು ಕಾಣುತ್ತಿತ್ತು. ಸುದ್ದಿಮನೆಗೂ ಬೆದರಿಕೆಯ ಪತ್ರಗಳು ಬರುತ್ತಿದ್ದವು. ಆದರೆ ಬರೆದವನು ಒಬ್ಬನೇ ಕೂತು ಬರೆದಿರುತ್ತಿದ್ದ, ಹಿಂದೆ ಚಪ್ಪಾಳೆ ಇರುತ್ತಿರಲಿಲ್ಲ.

ಆಮೇಲೆ ಯಾರೋ ಆ ಫೋಟೋವನ್ನು ಹಿಗ್ಗಿಸಿ ನೋಡಿದರು. ಅದರ ಮೂಲೆಯಲ್ಲಿ ಭಟ್ಟಿಯ ಮುಂದೆ ಮಾಲೀಕನ ಹೆಂಡತಿ ಇದ್ದಳು. ಸೆಖೆಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ರೊಟ್ಟಿ ತಿರುವುತ್ತಿದ್ದಳು. ಆಕೆಯ ಮೈ ಬಗ್ಗೆ, ರಾತ್ರಿ ಆಕೆಗೆ ಏನು ಮಾಡಬೇಕು ಎಂಬ ಬಗ್ಗೆ ಒಬ್ಬ ಎರಡು ಸಾಲು ಬರೆದ. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಅದಕ್ಕೆ ಬಂದಷ್ಟು ನಗು ಅಂದು ಇನ್ನಾವ ಮಾತಿಗೂ ಬರಲಿಲ್ಲ.

ದೂರು ಹಾಕಿದ್ದ ಹಿಂಜವಾಡಿಯ ಹುಡುಗನೇ ನಡುವೆ ಬಂದು 'ಫ್ಯಾಮಿಲಿ ಬಗ್ಗೆ ಬೇಡ ಗೈಸ್, ಪ್ಲೀಸ್' ಎಂದ. 'ನೀನ್ಯಾವನೋ ಹೇಳೋಕೆ, ಬೆಂಕಿ ಹಚ್ಚಿ ಈಗ ಸ್ವಾಮಿ ಆದ್ಯಾ?' ಎಂದು ಅವನ ಮೇಲೂ ಬಿದ್ದರು. ಅವನು ತನ್ನ ದೂರನ್ನು ಅಳಿಸಲು ನೋಡಿದ್ದನಂತೆ. ಅಷ್ಟರಲ್ಲಿ ಫೋಟೋ ಹತ್ತು ಕೈ ದಾಟಿತ್ತು.

ನಾನು ಅಡ್ಮಿನ್‌ಗೆ ಫೋನ್ ಮಾಡಿದೆ. ಕಮೆಂಟ್ ಮುಚ್ಚಿ ಎಂದೆ.

'ಬಿಸಿ ಆಗ್ಯಾರ್ರಿ ಮಂದಿ. ಒಂದೀಟು ಹೊತ್ತು ಬಿಡ್ರಿ, ತಾವ ಆರ್ತಾರ.'

'ಹೆಣ್ಣುಮಗಳ ಬಗ್ಗೆ ಬರೆದಿದ್ದಾರೆ. ಓದಿದಿರಾ?'

'ಓದೀನ್ರಿ. ಹುಡುಗ್ರು. ಅಳಿಸಿದ್ರ ಇನ್ನೊಂದು ಗ್ರೂಪ್ ಮಾಡ್ತಾರ, ಅಲ್ಲಿ ನಾವೂ ಇರಂಗಿಲ್ಲ. ನಿಮ್ಮ ಪೇಪರಿನ ಹಂಗ ಅಲ್ಲರೀ ಇದು, ನೀವ್ಯಾಕ ಮೈಗೆ ಹಚ್ಚಿಕೊಳ್ತೀರಿ?'

ಮಾತಾಡುತ್ತಿರುವಾಗಲೇ ಫೋನು ಕಿವಿಯ ಹತ್ತಿರ ಕುಯ್ಗುಟ್ಟಿತು. ಖಾನಾವಳಿಯವನು ಬರೆದಿದ್ದ: 'ಹೆಣ್ಣಮಕ್ಕಳ ಬಗ್ಗೆ ಬರದಾವ ಯಾವನವ? ಗಂಡಸಾಗಿದ್ದರ ಎದುರು ಬಾ. ಇಲ್ಲೇ ಅದೀನಿ.' ಕೆಳಗೆ ಲೊಕೇಶನ್.

ಆಮೇಲೆ ಅವನನ್ನು ಕೇಳಿದ್ದೇನೆ, ಯಾಕೆ ಹಾಕಿದೆ ಎಂದು. 'ಒಬ್ಬ ಬರ್ತಾನ ಅನ್ಕೊಂಡೆ ಸರ. ಬಂದ್ರ ಮಾರಿ ನೋಡಿ ಎರಡು ಬೈದು, ಕುಂಡ್ರಿಸಿ ಉಣ್ಣಾಕ ಹಾಕ್ತಿದ್ದೆ. ಎದುರು ಬಂದಾವ ಏನ್ ಮಾಡ್ತಾನ?' ತನ್ನ ಬಾಗಿಲಿಗೆ ಬಂದವರೆಲ್ಲ ಉಣ್ಣಲು ಬಂದವರೇ ಎಂದು ನಂಬಿ ಬದುಕಿದ್ದವನು ಅವನು.

ನಾನು ಚಿಂಚವಾಡದಿಂದ ರಿಕ್ಷಾ ಹಿಡಿದೆ. ಭಾನುವಾರದ ಊಟದ ಹೊತ್ತು, ರಸ್ತೆ ತುಂಬಿತ್ತು. ನಾನು ಗಲ್ಲಿಗೆ ಮುಟ್ಟುವ ಸ್ವಲ್ಪ ಮೊದಲು ನಾಲ್ವರು ಅಲ್ಲಿಗೆ ಹೋಗಿದ್ದರು. ಎಲ್ಲರಂತೆಯೇ ಫೋನು ನೋಡುತ್ತ ಗಲ್ಲಿಯ ಬಾಯಲ್ಲಿ ನಿಂತಿದ್ದರಂತೆ. ಮಾಲೀಕ ಒಳಗಿನಿಂದ ಕೂಗಿದ: 'ಇಲ್ಲೇ ಇಲ್ಲೇ, ಬರ್ರಿ, ಕೈ ತೊಳ್ಕೋರಿ.' ಅವರಲ್ಲೊಬ್ಬ ಹತ್ತಿರ ಬಂದು 'ಮಾಲಕ ನೀನೇನು?' ಎಂದು ಕೇಳಿದ. ಹೌದೆಂದು ತಲೆಯಾಡಿಸುತ್ತಿದ್ದಂತೆ ಬಾಯಿಗೆ ಗುದ್ದಿದ. ಇಷ್ಟು ಕೇಳಿದ್ದು.

ಇನ್ನು ಮುಂದಿನದು ಕಂಡದ್ದು. ನಾನು ಹೋದಾಗ ಮಾಲೀಕ ಭಟ್ಟಿಯ ಬುಡದಲ್ಲಿ ನೆಲಕ್ಕೆ ಬಿದ್ದಿದ್ದ. ಇಬ್ಬರು ಅವನ ಪಕ್ಕೆಗೆ ಒದೆಯುತ್ತಿದ್ದರು. ಒದೆ ಬಿದ್ದಾಗ ಅವನ ಬಾಯಿಂದ ಕೂಗು ಬರುತ್ತಿರಲಿಲ್ಲ, ಗಾಳಿ ಮಾತ್ರ ಬರುತ್ತಿತ್ತು. ಮೂರನೆಯವನು ಸ್ಟೀಲ್ ಜಗ್ಗಿನಿಂದ ಮೇಜಿನ ಮೇಲಿದ್ದುದನ್ನೆಲ್ಲ ಬೀಸಿ ಹೊಡೆಯುತ್ತಿದ್ದ. ಉಣ್ಣುತ್ತಿದ್ದ ಇಬ್ಬರು ಗೋಡೆಗೆ ಅಂಟಿಕೊಂಡಿದ್ದರು. ಒಬ್ಬನ ಹಣೆಯಿಂದ ರಕ್ತ ಇಳಿದು ಅವನ ಕೈಯಲ್ಲಿದ್ದ ತಾಟಿಗೆ ಬೀಳುತ್ತಿತ್ತು. ನಾಲ್ಕನೆಯವನು ಫೋನನ್ನು ಎತ್ತಿ ಹಿಡಿದು ಎಲ್ಲವನ್ನೂ ಚಿತ್ರ ತೆಗೆಯುತ್ತಿದ್ದ. 'ಈ ಕಡೆ ತಿರುಗಿಸ್ರೋ, ಮಾರಿ ಕಾಣವಲ್ದು' ಎಂದು ಹೇಳಿಕೊಡುತ್ತಿದ್ದ. ನಾನು ಒಬ್ಬನ ಅಂಗಿ ಹಿಡಿದು ಜಗ್ಗಿದೆ. ಅವನು ತಿರುಗಿಯೂ ನೋಡದೆ ಮೊಣಕೈಯಿಂದ ನನ್ನ ಎದೆಗೆ ತಿವಿದ. ನಾನು ಬೆಂಚಿನ ಮೇಲೆ ಬಿದ್ದೆ.

ಆಗ ಯಾರದೋ ಕಾಲು ಭಟ್ಟಿಗೆ ತಾಗಿತು. ಭಟ್ಟಿ ವಾಲಿತು. ಕೆಂಪಗೆ ಕಾದಿದ್ದ ಹಂಚು ಜಾರಿ ಮಾಲೀಕನ ಮುಖದ ಕಡೆ ಇಳಿಯತೊಡಗಿತು. ಭಟ್ಟಿಯ ಪಕ್ಕದಲ್ಲಿದ್ದ ಹೆಂಡತಿ ಬಲಗೈ ಚಾಚಿ ಅದನ್ನು ಹಿಡಿದಳು. ಬಟ್ಟೆ ಇಲ್ಲ, ಇಕ್ಕಳ ಇಲ್ಲ, ಬರಿಗೈ. ಹಿಡಿದು ಆಚೆ ಎಸೆಯುವವರೆಗೂ ಬಿಡಲಿಲ್ಲ. ಎಸೆದಾಗ ಅಂಗೈಯ ಚರ್ಮ ಹಂಚಿಗೆ ಅಂಟಿಕೊಂಡು ಹೋಯಿತು. ಆ ವಾಸನೆಯನ್ನು ಬರೆಯಲು ನನ್ನಲ್ಲಿ ಮಾತಿಲ್ಲ. ಆಕೆಯ ಚೀರು ಕೇಳಿ ನಾಲ್ವರೂ ಓಡಿದರು. ಇಬ್ಬರನ್ನು ಗಲ್ಲಿಯ ಮುಂದಿನ ಕಾಯಿಪಲ್ಯೆ ಗಾಡಿಯವರು ಹಿಡಿದು, ಪೊಲೀಸರು ಬರುವವರೆಗೆ ಬಡಿದರು. ಅದನ್ನೂ ನೋಡಿದೆ. ಅವರಲ್ಲೊಬ್ಬನ ಕಿವಿ ಹರಿದಿತ್ತು.

ಆಸ್ಪತ್ರೆಗೆ ಹೋಗುವ ರಿಕ್ಷಾದಲ್ಲಿ ಇನ್ನೂ ಇದ್ದೆವು, ವಿಡಿಯೋ ಗ್ರೂಪಿಗೆ ಬಂತು. ಒಬ್ಬ ಬರೆದಿದ್ದ: 'ಸೌಂಡ್ ಇಲ್ಲ, ಮತ್ತೆ ಹಾಕಿ.' ಇನ್ನೊಬ್ಬ: 'ಇಷ್ಟೇನಾ? ಫುಲ್ ಬಿಡ್ರೋ.' ಮತ್ತೊಬ್ಬ ಮುಗಿದ ಕೈಗಳ ಚಿತ್ರ ಹಾಕಿ 'ಹಿಂಸೆ ತಪ್ಪು, ಆದರೆ ಎರಡೂ ಕಡೆ ತಪ್ಪಿದೆ' ಎಂದಿದ್ದ. ಅಡ್ಮಿನ್ ಕಮೆಂಟ್ ಮುಚ್ಚಿದ್ದು ಅದರ ನಂತರ. ಸಂಜೆಯ ಹೊತ್ತಿಗೆ ರಾಡ್, ಪೆಟ್ರೋಲು, ಮಂಡಿ ಎಲ್ಲ ಅಳಿಸಿಹೋಗಿದ್ದವು. ಬರೆದವರು ತಾವೇ ಅಳಿಸಿಕೊಂಡಿದ್ದರು. ಹೊಸದಾಗಿ ಬಂದು ನೋಡಿದವರಿಗೆ ಬೆಳಿಗ್ಗೆ ಮಾಲೀಕ ಎಂದಿನಂತೆ ಹಾಕಿದ್ದ ಎಣ್ಣಗಾಯಿಯ ಸುದ್ದಿ ಮಾತ್ರ ಕಾಣುತ್ತಿತ್ತು.

ಪೊಲೀಸ್ ಚೌಕಿಯಲ್ಲಿ ಹೇಳಿಕೆ ಬರೆದುಕೊಂಡ ಹವಾಲ್ದಾರರು ಎಲ್ಲ ಕೇಳಿ ಪೆನ್ನು ಕೆಳಗಿಟ್ಟರು. 'ಹೇ ಸಗಳ ರೊಟ್ಟಿವರೂನ್?' ಇದೆಲ್ಲ ಒಂದು ರೊಟ್ಟಿಯ ಸಲುವಾಗಿಯೇ ಎಂದು ಅವರಿಗೆ ನಂಬಿಕೆ ಬರಲಿಲ್ಲ. ಹಳೆಯ ವೈಷಮ್ಯ, ಜಾಗದ ತಗಾದೆ, ಏನಾದರೂ ಇರಲೇಬೇಕು ಎಂದು ಎರಡೆರಡು ಸಲ ಕೇಳಿದರು. ಇಲ್ಲ ಎಂದೆ.

ಮಾಲೀಕನ ಪಕ್ಕೆಲುಬು ಮುರಿದಿತ್ತು. ಅದು ಕೂಡುತ್ತದೆ ಎಂದರು. ಹೆಂಡತಿಯ ಕೈಯದೇ ಚಿಂತೆ. ತೊಡೆಯ ಚರ್ಮ ತೆಗೆದು ಅಂಗೈಗೆ ಹಾಕಿದರು. ಗಾಯ ಮಾಯುವಾಗ ಬೆರಳು ಒಳಕ್ಕೆ ಎಳೆದುಕೊಳ್ಳುತ್ತವೆ, ದಿನಾ ನೋವು ತಿಂದು ಬಿಡಿಸಬೇಕು, ಪೂರ್ತಿ ತೆರೆಯುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದರು ಡಾಕ್ಟರು. ಅವರ ಹಿಂದಿಯನ್ನು ನಾನು ಆಕೆಗೆ ಬಿಡಿಸಿ ಹೇಳಿದೆ.

'ಅಣ್ಣಾರ, ಕೈ ಅಗಲ ಆಗ್ತದಲ್ಲರೀ? ಮುಷ್ಟಿ ಆಗೇ ಉಳದ್ರ ಏನ್ ಮಾಡ್ಲಿ? ರೊಟ್ಟಿಗೆ ಅಂಗೈ ಬೇಕು.'

ಖಾನಾವಳಿ ಎಂದರೆ ಆ ಅಂಗೈಯೇ ಆಗಿತ್ತು. ಬೇರೆ ಹೆಂಗಸನ್ನು ಇಟ್ಟು ನಡೆಸಲು ಗಂಡ ನೋಡಿದ. ನಡೆಯಲಿಲ್ಲ, ಬಾಗಿಲು ಎಳೆದ. ಮುಚ್ಚಿದ ಖಾನಾವಳಿಯಲ್ಲಿ ಆಕೆ ಮೇಜಿನ ಮೇಲೆ ಕೈ ಊರಿ, ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆ ಒತ್ತುತ್ತಿದ್ದಳು. ಒತ್ತುವಾಗ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದಳು.

ಅಲ್ಲಿಗೇ ಒಂದು ಮಧ್ಯಾಹ್ನ ರಾಜಿಗೆ ಬಂದರು. ಆ ನಾಲ್ವರಲ್ಲಿ ಒಬ್ಬ, ರಾಂಜಣಗಾಂವದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು, ಜಾಮೀನಿನ ಮೇಲೆ ಹೊರಗಿದ್ದ. ಮೊದಲು ಗುದ್ದಿದವನೂ ಆಕೆಯ ಬಗ್ಗೆ ಬರೆದವನೂ ಅವನೇ. ಯಾದಗಿರಿ ಕಡೆಯ ಅವನ ಸೋದರಮಾವ ಇಲ್ಲಿ ಕಟ್ಟಡ ಕೆಲಸದವರನ್ನು ತಂದು ನಡೆಸುವ ಮುಕಾದಮ. ಆ ಮಾವ ಹುಡುಗನನ್ನು ಕರೆದುಕೊಂಡು, ತನ್ನ ಹೆಂಡತಿಯ ಕೈಯಲ್ಲಿ ಉಡಿ ತುಂಬುವ ಸಾಮಾನು ಹಿಡಿಸಿಕೊಂಡು ಬಂದಿದ್ದ: ತೆಂಗಿನಕಾಯಿ, ಕುಪ್ಪಸದ ಖಣ, ಎಲೆ ಅಡಿಕೆ, ಅರಿಶಿನ ಕುಂಕುಮ. ಉಡಿ ತುಂಬಿದರೆ ಆಕೆ ಅವರ ಮನೆಮಗಳಾದಂತೆ, ಮನೆಮಗಳು ಮನೆಯವರ ಮೇಲೆ ಕೇಸು ನಡೆಸುವುದಿಲ್ಲ. ಗಂಡನ ಮಾತಿನ ಮೇಲೆ ನಾನೂ ಹೋಗಿ ಕೂತಿದ್ದೆ.

'ತಂಗಿ, ನಿನಗ ಅಣ್ಣ ಇದ್ದಂಗ ನಾನು' ಎಂದ ಮುಕಾದಮ. 'ದವಾಖಾನಿ ಏನದ ಎಲ್ಲಾ ನನ್ನ ಮ್ಯಾಲ. ಹುಡುಗನ ಕೆಲಸ ಹೋಗ್ತದ, ಜನ್ಮ ಹಾಳಾಗ್ತದ. ಮನಸ ದೊಡ್ಡದು ಮಾಡು.'

ಗಂಡ ನೆಲ ನೋಡುತ್ತಿದ್ದ. ಅವನಿಗೆ ರಾಜಿ ಆಗುವ ಮನಸ್ಸಿತ್ತು. ಕೋರ್ಟಿಗೆ ಅಲೆಯುವ ಶಕ್ತಿ ಇರಲಿಲ್ಲ. ಆಕೆ ಹುಡುಗನ ಕಡೆ ತಿರುಗಿದಳು.

'ನನ್ನ ಬಗ್ಗೆ ಅದರಾಗ ಏನ್ ಬರದಿದ್ದಿ?'

ಹುಡುಗ ಮೇಜಿನ ಅಂಚನ್ನು ಉಗುರಿನಿಂದ ಕೆರೆಯತೊಡಗಿದ.

'ನನಗ ಓದಾಕ ಬರೂದಿಲ್ಲ. ಇವರೂ ಹೇಳವಲ್ರು, ಈ ಅಣ್ಣಾರೂ ಹೇಳವಲ್ರು. ಊರೆಲ್ಲ ಓದ್ಯದ, ನಾ ಒಬ್ಬಾಕಿ ಓದಿಲ್ಲ. ನೀ ಹೇಳು.'

'ಅಕ್ಕಾರ, ಅದು ಅಳಿಸೀನ್ರಿ. ಅವತ್ತ ಅಳಿಸೀನಿ.'

'ಅಳಿಸಿದ್ರ ಏನಾತು? ಬರದಾವ ನೀನ. ನೆನಪಿರ್ತದ. ಹೇಳು.'

'ಅದು ಚ್ಯಾಷ್ಟಿಗೆ...'

'ಚ್ಯಾಷ್ಟಿನ ಹೇಳು. ನಾನೂ ನಗ್ತೀನಿ.'

ಹುಡುಗ ಮಾವನನ್ನು ನೋಡಿದ. ಮಾವನಿಗೂ ಅದು ಗೊತ್ತಿರಲಿಲ್ಲ ಎಂಬುದು ಅವನ ಮುಖದಲ್ಲೇ ಕಂಡಿತು. ಹುಡುಗ ಒಂದನೆಯ ಸಾಲನ್ನು ಗಂಟಲಿನಲ್ಲೇ ಹೇಳಿದ. ಕೇಳಿಸಲಿಲ್ಲ, ಜೋರಾಗಿ ಹೇಳು ಎಂದಳು. ಹೇಳಿದ. ಮುಕಾದಮ ಎದ್ದು ಅವನ ಕೆನ್ನೆಗೆ ಹೊಡೆದ. ಹುಡುಗ ಮೇಜಿಗೆ ಅಪ್ಪಳಿಸಿದ. ಇನ್ನೊಂದು ಏಟು ಕಿವಿಯ ಮೇಲೆ ಬಿತ್ತು, ಮತ್ತೊಂದು ಕುತ್ತಿಗೆಗೆ. ತುಟಿ ಒಡೆದು ರಕ್ತ ಬಂತು.

'ಹೊಡೀಬ್ಯಾಡ್ರಿ ಅಣ್ಣಾ, ಬಿಡ್ರಿ' ಎಂದಳು ಆಕೆ. 'ಇನ್ನೊಂದು ಸಾಲು ಅದ. ಅದನ್ನೂ ಹೇಳ್ಲಿ.'

ಎರಡನೆಯ ಸಾಲು ಹೇಳುವಾಗ ಹುಡುಗ ಅಳುತ್ತಿದ್ದ. ಮುಕಾದಮನ ಹೆಂಡತಿ ಉಡಿಯ ತಾಟನ್ನು ಕೆಳಗಿಟ್ಟು ಮುಖಕ್ಕೆ ಸೆರಗು ಮುಚ್ಚಿಕೊಂಡಳು. ಮಾಲೀಕ ಹೊರಗೆ ಹೋಗಿ ಗೋಡೆಗೆ ಹಣೆ ಒತ್ತಿ ನಿಂತ. ಆಕೆ ಮಾತ್ರ ಹುಡುಗನ ಬಾಯನ್ನೇ ನೋಡುತ್ತ ಕೊನೆಯ ಶಬ್ದದವರೆಗೂ ಕೇಳಿದಳು. ನಗಲಿಲ್ಲ.

'ಅಣ್ಣಾ' ಎಂದಳು ಮುಕಾದಮನಿಗೆ. 'ಈ ಕೈ ಸುಟ್ಟದ್ದು ಗದ್ದಲದಾಗ. ಯಾರ ಕಾಲು ಬಡೀತೋ ದೇವರಿಗೆ ಗೊತ್ತು. ಅದಕ್ಕ ರಾಜಿ ಆಗಾಕ ಮನಸ ಮಾಡಿದ್ದೆ. ಇದನ್ನ ಇವ ಕುಂತು ಬರದಾನ. ಸಾವಕಾಶ, ಒಂದೊಂದ ಅಕ್ಷರ ಒತ್ತಿ ಬರದಾನ. ಇದಕ್ಕ ಉಡಿ ತುಂಬಿಸ್ಕೊಳ್ಳಾಕ ಆಗೂದಿಲ್ಲ.'

ಅವರು ಹೋದ ಮೇಲೆ ಆಕೆ ತನ್ನನ್ನು ಚೌಕಿಗೆ ಕರೆದುಕೊಂಡು ಹೋಗಲು ನನಗೆ ಹೇಳಿದಳು. ಮೊದಲ ಹೇಳಿಕೆಯಲ್ಲಿ ಹೊಡೆದದ್ದು, ಸುಟ್ಟದ್ದು, ಒಡೆದದ್ದು ಎಲ್ಲ ಇತ್ತು. ಬರೆದದ್ದನ್ನು 'ಅಶ್ಲೀಲ ಮಾತು' ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು. ಹಾಗೆ ಹೇಳಿಸಿದವರು ಗಂಡ ಮತ್ತು ಹವಾಲ್ದಾರರು. ಆಕೆಯ ಮರ್ಯಾದೆ ಉಳಿಯಲಿ ಎಂದು. ಈಗ ಆಕೆ ಹವಾಲ್ದಾರರ ಎದುರು ಕೂತು ಆ ಎರಡು ಸಾಲನ್ನು ಕನ್ನಡದಲ್ಲಿ, ಒಂದು ಶಬ್ದವೂ ಬಿಡದೆ, ಬಿಲ್ ಹೇಳುವವಳಂತೆ ಹೇಳಿದಳು. ನಾನು ಮರಾಠಿಯಲ್ಲಿ ಹೇಳಿದೆ. ನನ್ನ ಬಾಯಿಂದ ಅಂಥ ಮಾತು ಯಾವ ಭಾಷೆಯಲ್ಲೂ ಬಂದದ್ದು ಅದೇ ಮೊದಲು.

ಹವಾಲ್ದಾರರು ಬರೆಯುವುದನ್ನು ನಿಲ್ಲಿಸಿ ಆಕೆಯನ್ನು ನೋಡಿದರು. 'ತಾಈ, ಹೇ ಸಗಳ ಲಿಹಾಯಚ?' ಇದನ್ನೆಲ್ಲ ಬರೆಯಲೇಬೇಕೇ ಎಂದು ನನ್ನನ್ನೂ ನೋಡಿದರು. ಕೋರ್ಟಿನಲ್ಲಿ ಎಲ್ಲರ ಎದುರು ಇದನ್ನು ಓದುತ್ತಾರೆ ಎಂದು ಎಚ್ಚರಿಸಿದರು.

ಆಕೆಗೆ ಅಷ್ಟು ಮರಾಠಿ ಗೊತ್ತಿತ್ತು. ಬೆರಳುಗಳು ಅರ್ಧ ಮಡಚಿಯೇ ಉಳಿದಿದ್ದ ಬಲಗೈಯನ್ನು ಮೇಜಿನ ಮೇಲಿಟ್ಟು, ಎಡಗೈಯಿಂದ ಒತ್ತಿ ಬಿಡಿಸುತ್ತ ಹೇಳಿದಳು: 'ಬರ್ಕೋರಿ. ಓದ್ಲಿ.'